ಎಂಟು ಕಿವಿಯ ಡಬ್ಬ, ಒಂದು ಹಾರ್ಮೋನಿಯಂ

[ಆಡಿಯೋ: ಹಾರ್ಮೋನಿಯಂ. ಹಿಂದೆ ಜೀರುಂಡೆ ಸದ್ದು. ಕುಕ್ಕರ್ ಸೀಟಿ.]

ಈಗ ಕೇಳಿಸಿಕೊಂಡಿದ್ದು ನನ್ನ ದೊಡ್ಡಪ್ಪನ ಹಾರ್ಮೋನಿಯಂ. ನನ್ನ ಫೋನಿನಲ್ಲಿ ರೆಕಾರ್ಡ್ ಆಗಿರೋದು, ಒಟ್ಟು 4 ನಿಮಿಷ 10 ಸೆಕೆಂಡ್ ಇದೆ. ಕುಕ್ಕರ್ ಕೂಗಿದ ತಕ್ಷಣ ಹಾರ್ಮೋನಿಯಂ ಸದ್ದು ಸಣ್ಣಗಾಯ್ತು, ಗಮನಿಸಿದ್ರಾ? ದೊಡ್ಡಪ್ಪ ಮೆಲ್ಲಗೆ ನುಡಿಸಿದ್ದಲ್ಲ. ಜೋರು ಸದ್ದು ಬಂತು ಅಂತ ಫೋನು ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ತಗ್ಗಿಸಿಬಿಟ್ಟಿತು. ಅಲ್ಲೇ ಅವರ ಬಲಗೈ ಬೆರಳುಗಳು ಒಂದು ಓಟ ಓಡಿ ವಾಪಸ್ ಬರುತ್ತವೆ. ಸೀಟಿ ಕೆಳಗೆ ಅದು ಮುಚ್ಚಿಹೋಗಿದೆ.

ದೊಡ್ಡಪ್ಪ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು. ಹಳೇ ಮೈಸೂರು ಕಡೆಯವರಿಗೆ ಇದರ ಅರ್ಥ ಹೇಳಬೇಕಿಲ್ಲ. ಉಳಿದವರಿಗೆ: ಊರಿನ ರೈತರು, ಡ್ರೈವರುಗಳು, ಅಂಗಡಿಯವರು ಸೇರಿ 'ಕುರುಕ್ಷೇತ್ರ' ನಾಟಕ ಕಟ್ಟುತ್ತಾರಲ್ಲ, ಅವರಿಗೆ ತಿಂಗಳುಗಟ್ಟಲೆ ಹಾಡು, ಮಾತು, ಕಂದಪದ್ಯ ಎಲ್ಲ ಕಲಿಸಿ, ಕೊನೆಗೆ ರಂಗದ ಮುಂದೆ ಕೂತು ರಾತ್ರಿಯಿಡೀ ಪೆಟ್ಟಿಗೆ ಬಾರಿಸುವವರು ಇವರೇ. ಪೆಟ್ಟಿಗೆ ಅಂದ್ರೆ ಹಾರ್ಮೋನಿಯಂ. ದೊಡ್ಡಪ್ಪನ ತಲೆಯಲ್ಲಿ ನಲವತ್ತಕ್ಕೂ ಹೆಚ್ಚು ಮಟ್ಟುಗಳಿವೆ. ಕೆಲವು ಅವರ ಗುರುಗಳದ್ದು, ಕೆಲವು ಸ್ವಂತದ್ದು. ಒಂದನ್ನೂ ಬರೆದಿಟ್ಟಿಲ್ಲ, ಯಾಕಂದ್ರೆ ಅವರಿಗೆ ಸ್ವರ ಬರೆಯೋ ಅಭ್ಯಾಸವೇ ಇಲ್ಲ.

ಇವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ, ಮಲ್ಟಿಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಬೇಕು ಅಂತ ನಾನು ಹೊರಟೆ. ಹಾಡು ಬೇರೆ, ಹಾರ್ಮೋನಿಯಂ ಬೇರೆ, ತಬಲಾ ಬೇರೆ. ಆಮೇಲೆ ಒಂದೊಂದರ ಸದ್ದನ್ನೂ ಬೇಕಾದಂತೆ ಹೊಂದಿಸಬಹುದು. ಯಾವ ಸಾಮಾನು ಕೊಳ್ಳೋದು? ಇದಕ್ಕೆ ಉತ್ತರ ಹುಡುಕುತ್ತಾ ನಾನು ಹತ್ತು ತಿಂಗಳು ಕಳೆದೆ. ಹೌದು, ಹತ್ತು. ರಾತ್ರಿ ಊಟ ಆದ ಮೇಲೆ ಒಂದು ರಿವ್ಯೂ ವಿಡಿಯೋ, ಅದರ ಕೆಳಗೆ ಇನ್ನೊಂದು. ಕೊನೆಗೆ ಎಂಟು ಮೈಕ್ ಚುಚ್ಚಬಹುದಾದ ಒಂದು ಆಡಿಯೋ ಇಂಟರ್‌ಫೇಸ್ ತಗೊಂಡೆ. 46,000 ರೂಪಾಯಿ, ಒಂಬತ್ತು ಕಂತು. ಮಲ್ಟಿಟ್ರ್ಯಾಕ್ ಅಂದ್ರೆ ಬಹಳ ಟ್ರ್ಯಾಕು, ಬಹಳ ಟ್ರ್ಯಾಕಿಗೆ ಬಹಳ ತೂತು. ನನ್ನ ಲೆಕ್ಕ ಅಷ್ಟೇ ಸರಳವಾಗಿತ್ತು.

ಊರಿಗೆ ಹೋದ ದಿನ ಸಂಜೆ ಏಳಕ್ಕೆ ಕರೆಂಟ್ ಹೋಯ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಮೂರು ಗಂಟೆ ಆರಾಮಾಗಿ ಓಡೋದು. ಆದರೆ ಆ ಎಂಟು ಕಿವಿಯ ಡಬ್ಬಕ್ಕೆ ಗೋಡೆಯ ಕರೆಂಟೇ ಬೇಕು. ಯುಎಸ್‌ಬಿ ವೈರಿನಿಂದ ಬರುವ ವಿದ್ಯುತ್ ಅದರ ಮೂಗಿಗೂ ಸಾಲದು. ದೊಡ್ಡಪ್ಪ ಲಾಟೀನು ಬೆಳಕಲ್ಲಿ ಕೂತು, ತಿದಿ ಬಿಚ್ಚಿ, ನಗುತ್ತಾ ಅಂದ್ರು: "ನನ್ ಪೆಟ್ಟಿಗೆಗೆ ಕರೆಂಟ್ ಬ್ಯಾಡ ಕಣ್ಲಾ." ಸದ್ಯಕ್ಕಿರಲಿ ಅಂತ ಫೋನಿನಲ್ಲಿ ಒಂದು ಮಟ್ಟು ಹಿಡಿದುಕೊಂಡೆ. ಒಳಗೆ ದೊಡ್ಡಮ್ಮ ಕುಕ್ಕರ್ ಇಟ್ಟಿದ್ದರು. ಮುಂದಿನ ಸಲ ಯುಪಿಎಸ್ ತಂದು ಸರಿಯಾಗಿ ಮಾಡೋಣ ಅಂತ ಬೆಂಗಳೂರಿಗೆ ವಾಪಸ್ ಬಂದೆ.

ಹತ್ತೊಂಬತ್ತು ದಿನಕ್ಕೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ.

ಆ 4 ನಿಮಿಷ 10 ಸೆಕೆಂಡು ಅವರ ಬಲಗೈಯ ಏಕೈಕ ರೆಕಾರ್ಡಿಂಗ್.

ಇವತ್ತಿನ ಸಂಚಿಕೆ ಮನೆ ರೆಕಾರ್ಡಿಂಗ್‌ನ ಇತಿಹಾಸ. ಈ ಇತಿಹಾಸವನ್ನು ನಾನು ಓದಿದ್ದು ಆ ಘಟನೆ ಆದ ಮೇಲೆ. ಮೊದಲೇ ಓದಿದ್ದಿದ್ರೆ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ನನ್ನ ಕೆಲಸ ಮುಗೀತಿತ್ತು. ಯಾಕೆ ಅಂತ ಹೇಳ್ತೀನಿ.

ನಮ್ಮ ನೆಲದಿಂದಲೇ ಶುರು ಮಾಡೋಣ. 1902ರ ನವೆಂಬರ್. ಕಲ್ಕತ್ತಾದ ಹೋಟೆಲೊಂದರ ಕೋಣೆ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎದುರು ಗೌಹರ್ ಜಾನ್ ಹಾಡಿದರು. ಮೈಕ್ ಇಲ್ಲ, ಕರೆಂಟಿಲ್ಲ. ಒಂದು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಆ ಸದ್ದಿನ ಒತ್ತಡಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತದೆ. ಹಾಡು ಮೂರು ನಿಮಿಷದೊಳಗೆ ಮುಗಿಯಬೇಕು. ಪಕ್ಕವಾದ್ಯದವರ ಸದ್ದು ಜಾಸ್ತಿಯಾಯ್ತಾ? ಹಿಂದೆ ಸರಿದು ಕೂರಬೇಕು. ಕಡಿಮೆಯಾಯ್ತಾ? ಮುಂದೆ ಬರಬೇಕು. ಆಗಿನ ಮಿಕ್ಸಿಂಗ್ ಅಂದ್ರೆ ಜಮಖಾನದ ಮೇಲೆ ಹಿಂದೆ-ಮುಂದೆ ಜರುಗೋದು. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಅವರ ಕಾಲಕ್ಕೆ 'ಟ್ರ್ಯಾಕ್' ಅನ್ನೋ ಕಲ್ಪನೆಯೇ ಇರಲಿಲ್ಲ. ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಕೊಳವೆಗೆ, ಒಂದೇ ಸಲ.

ಇಲ್ಲಿಂದ ನೇರ ಅಮೆರಿಕಕ್ಕೆ ಜಿಗಿಯಬೇಕು. ಯಾಕಂದ್ರೆ ಒಬ್ಬನೇ ಮನೆಯಲ್ಲಿ ಕೂತು ಪದರ ಪದರವಾಗಿ ಸಂಗೀತ ಕಟ್ಟೋ ಹುಚ್ಚು ಹಬ್ಬಿದ್ದು ಲೆಸ್ ಪಾಲ್ ಎಂಬ ಗಿಟಾರ್ ವಾದಕನಿಂದ. 'ಲೆಸ್ ಪಾಲ್' ಅಂತ ಗಿಟಾರ್ ಇದೆಯಲ್ಲ, ಅದೇ ಹೆಸರು. ಹಾಲಿವುಡ್‌ನಲ್ಲಿದ್ದ ತನ್ನ ಮನೆಯ ಗ್ಯಾರೇಜನ್ನೇ ಈತ ಸ್ಟುಡಿಯೋ ಮಾಡಿಕೊಂಡಿದ್ದ. ರೆಕಾರ್ಡ್ ಕೊರೆಯುವ ಯಂತ್ರವನ್ನೂ ಸ್ವಂತ ಕಟ್ಟಿದ್ದ, ಕ್ಯಾಡಿಲಾಕ್ ಕಾರಿನ ಫ್ಲೈವೀಲ್ ಹಾಕಿ. ಒಂದು ತಟ್ಟೆಯ ಮೇಲೆ ಗಿಟಾರ್ ನುಡಿಸಿ ಕೊರೆಯೋದು. ಅದನ್ನು ಹಾಕಿಕೊಂಡು, ಜೊತೆಗೆ ಎರಡನೇ ಗಿಟಾರ್ ನುಡಿಸಿ, ಎರಡೂ ಸೇರಿದ್ದನ್ನು ಇನ್ನೊಂದು ತಟ್ಟೆಗೆ ಕೊರೆಯೋದು. ಆಮೇಲೆ ಮೂರನೆಯದು. 1948ರಲ್ಲಿ ಬಂದ 'ಲವರ್' ಎಂಬ ರೆಕಾರ್ಡಿನಲ್ಲಿ ಎಂಟು ಗಿಟಾರ್ ಕೇಳಿಸುತ್ತವೆ. ಎಂಟೂ ಅವನೇ.

ಇಲ್ಲೊಂದು ಯಾತನೆ ಇತ್ತು. ಪ್ರತಿ ನಕಲಿಗೂ ಸದ್ದು ಸ್ವಲ್ಪ ಮಾಸುತ್ತದೆ, ಪದೇ ಪದೇ ಜೆರಾಕ್ಸ್ ಮಾಡಿದ ಕಾಗದದ ಹಾಗೆ. ಮೊದಲು ನುಡಿಸಿದ್ದು ಎಂಟನೇ ಪದರಕ್ಕೆ ಬರುವಷ್ಟರಲ್ಲಿ ಮಂಕಾಗಿರುತ್ತೆ. ಹಾಗಾಗಿ ಲೆಸ್ ಪಾಲ್ ಲೆಕ್ಕ ತಿರುಗಿಸಿದ: ಮುಖ್ಯವಲ್ಲದ್ದು ಮೊದಲು, ಮುಖ್ಯವಾದದ್ದು ಕೊನೆಗೆ. ಇಡೀ ಹಾಡು ಮೊದಲೇ ತಲೆಯಲ್ಲಿ ಕಟ್ಟಿರಬೇಕು. ಏಳನೇ ಪದರದಲ್ಲಿ ಬೆರಳು ಜಾರಿದರೆ ಆ ತಟ್ಟೆ ಕಸದ ಬುಟ್ಟಿಗೆ.

ಅದೇ 1948ರ ಜನವರಿಯಲ್ಲಿ ಒಕ್ಲಹೋಮಾದ ಹಿಮ ಬಿದ್ದ ರಸ್ತೆಯಲ್ಲಿ ಅವನ ಕಾರು ಜಾರಿ ಹಳ್ಳಕ್ಕೆ ಬಿತ್ತು. ಬಲಗೈ, ಮೊಣಕೈ ನುಚ್ಚುನೂರು. ಮೊಣಕೈ ಇನ್ನು ಮಡಚಲು ಆಗಲ್ಲ, ಒಂದೇ ಭಂಗಿಯಲ್ಲಿ ಕೂರಿಸಬೇಕು ಅಂದ್ರು ಡಾಕ್ಟರುಗಳು. ಗಿಟಾರ್ ಹಿಡಿದಾಗ ತಂತಿಗೆ ಬೆರಳು ಮುಟ್ಟುವ ಕೋನದಲ್ಲೇ ಕೂರಿಸಿ ಅಂದ ಲೆಸ್ ಪಾಲ್. ಹಾಗೇ ಕೂರಿಸಿದರು. ಜೀವನಪೂರ್ತಿ ಆ ಕೈ ಹಾಗೇ ಇತ್ತು. ಆತನ ದೊಡ್ಡ ದೊಡ್ಡ ಹಿಟ್‌ಗಳೆಲ್ಲ ಬಂದಿದ್ದು ಆಮೇಲೆ.

ನಂತರ ಟೇಪ್ ಬಂತು. ಎರಡನೇ ಮಹಾಯುದ್ಧದ ಕೊನೆಗೆ ಜರ್ಮನಿಯ ಮ್ಯಾಗ್ನೆಟೋಫೋನ್ ಯಂತ್ರಗಳನ್ನು ಅಮೆರಿಕದ ಸೈನಿಕ ಜಾಕ್ ಮಲಿನ್ ಬಿಡಿಭಾಗಗಳಾಗಿ ಮನೆಗೆ ಕಳಿಸಿಕೊಂಡಿದ್ದ. ಗಾಯಕ ಬಿಂಗ್ ಕ್ರಾಸ್ಬಿ ಅದನ್ನು ನೋಡಿ ಮರುಳಾಗಿ, ಅಂಥ ಯಂತ್ರ ಮಾಡಲು ಹೊರಟಿದ್ದ ಆಂಪೆಕ್ಸ್ ಎಂಬ ಸಣ್ಣ ಕಂಪನಿಗೆ 50,000 ಡಾಲರ್ ಹಾಕಿದ. 1949ರಲ್ಲಿ ಒಂದು ಆಂಪೆಕ್ಸ್ ಯಂತ್ರವನ್ನು ಗೆಳೆಯ ಲೆಸ್ ಪಾಲ್‌ಗೆ ಕೊಟ್ಟ. ಲೆಸ್ ಪಾಲ್ ಅದಕ್ಕೆ ಇನ್ನೊಂದು ಹೆಡ್ ಕೂರಿಸಿ, ಟೇಪಿನಲ್ಲಿದ್ದದ್ದನ್ನು ಓದುತ್ತಾ, ಹೊಸದನ್ನು ಸೇರಿಸುತ್ತಾ, ಅದೇ ಟೇಪಿನ ಮೇಲೆ ಮತ್ತೆ ಬರೆಯುವ ಹಾಗೆ ಮಾಡಿಕೊಂಡ. ಅಂದ್ರೆ ಹಳೆಯದು ಅಳಿಸಿ ಹೋಗುತ್ತೆ, ಹಿಂದಕ್ಕೆ ಹೋಗೋ ದಾರಿಯೇ ಇಲ್ಲ. ನಿಮ್ಮ ಫೋನಿನಲ್ಲಿ 'ಅನ್‌ಡೂ' ಬಟನ್ ಇಲ್ಲದೆ ಬದುಕೋದು ಊಹಿಸಿಕೊಳ್ಳಿ. ಹೀಗೆ ಪತ್ನಿ ಮೇರಿ ಫೋರ್ಡ್ ಜೊತೆ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನ ಅಪಾರ್ಟ್‌ಮೆಂಟಿನಲ್ಲಿ ಮಾಡಿದ 'ಹೌ ಹೈ ದ ಮೂನ್' 1951ರಲ್ಲಿ ಒಂಬತ್ತು ವಾರ ಅಮೆರಿಕದ ನಂಬರ್ ಒನ್ ಹಾಡಾಗಿತ್ತು. ಫ್ಲ್ಯಾಟು, ಸುತ್ತ ಅಕ್ಕಪಕ್ಕದವರು. ನಮ್ಮದೇ ಪರಿಸ್ಥಿತಿ.

ಇಷ್ಟರವರೆಗೆ ಇದ್ದದ್ದು ಒಂದರ ಮೇಲೊಂದು ಹೇರುವ ಆಟ. ಪಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿ ಇಡಬೇಕು ಅಂದ್ರೆ ಒಂದು ಪೇಚಿತ್ತು. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಇವತ್ತು ನೀವು ಲ್ಯಾಪ್‌ಟಾಪ್ ಮುಂದೆ ಕೂತರೂ ಇದೇ ಪೇಚು ಕಾಯುತ್ತಿರುತ್ತದೆ.

ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು. ಎರಡರ ನಡುವೆ ಚೂರು ಜಾಗ. ಆ ಜಾಗ ಒಂದೂವರೆ ಇಂಚು ಅಂದುಕೊಳ್ಳಿ. ಟೇಪು ಸೆಕೆಂಡಿಗೆ 15 ಇಂಚು ಓಡುತ್ತಿದ್ದರೆ, ಬರೆಯುವ ಹೆಡ್ ದಾಟಿದ ಸದ್ದು ಓದುವ ಹೆಡ್ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಮೊದಲ ಟ್ರ್ಯಾಕಿನಲ್ಲಿರೋ ತಬಲಾ ಕೇಳುತ್ತಾ ನೀವು ಎರಡನೇ ಟ್ರ್ಯಾಕಿಗೆ ಹಾಡಿದರೆ, ನಿಮ್ಮ ಹಾಡು ಟೇಪಿನ ಮೇಲೆ ಅಷ್ಟು ಹಿಂದೆ ಬೀಳುತ್ತದೆ. ಪ್ರತಿ ತಾಳಕ್ಕೂ ತಡ. ಆಂಪೆಕ್ಸ್‌ನ ರಾಸ್ ಸ್ನೈಡರ್ 1950ರ ದಶಕದ ಮಧ್ಯದಲ್ಲಿ ಹುಡುಕಿದ ಪರಿಹಾರಕ್ಕೆ 'ಸೆಲ್-ಸಿಂಕ್' ಅಂತ ಹೆಸರು. ಈಗಾಗಲೇ ರೆಕಾರ್ಡ್ ಆದ ಟ್ರ್ಯಾಕನ್ನು ಓದುವ ಹೆಡ್‌ನಿಂದ ಕೇಳಿಸಬೇಡಿ, ಬರೆಯುವ ಹೆಡ್‌ನಿಂದಲೇ ಕೇಳಿಸಿ. ಆಗ ಕೇಳಿಸೋದೂ ಬರೆಯೋದೂ ಒಂದೇ ಜಾಗದಲ್ಲಿ, ಅಂತರ ಸೊನ್ನೆ. ಕೇಳಿಸುವ ಸದ್ದು ಅಷ್ಟೇನೂ ಚೆನ್ನಾಗಿರಲ್ಲ, ಆದರೆ ತಾಳ ಕೂಡುತ್ತದೆ. ಅಷ್ಟು ಸಾಕಾಗಿತ್ತು. 1957ರಲ್ಲಿ ಇದೇ ತತ್ವದ ಎಂಟು ಟ್ರ್ಯಾಕಿನ ಯಂತ್ರ ಲೆಸ್ ಪಾಲ್ ಮನೆಗೆ ಬಂತು. ಬೆಲೆ 10,000 ಡಾಲರ್. ಅವನು ಅದಕ್ಕೆ ಆಕ್ಟೋಪಸ್ ಅಂತ ಹೆಸರಿಟ್ಟ.

ಈಗ ಲ್ಯಾಪ್‌ಟಾಪಿಗೆ ಬನ್ನಿ. ಮೈಕಿನ ಸದ್ದು ಇಂಟರ್‌ಫೇಸ್‌ನಲ್ಲಿ ಅಂಕಿಗಳಾಗಿ, ಲ್ಯಾಪ್‌ಟಾಪಿನೊಳಗೆ ಒಂದು ಬುಟ್ಟಿ ತುಂಬುವಷ್ಟು ಸೇರಿ, ಆಮೇಲೆ ಸಾಫ್ಟ್‌ವೇರಿಗೆ ಹೋಗಿ, ವಾಪಸ್ ಹೆಡ್‌ಫೋನಿಗೆ ಬರಬೇಕು. ಆ ಬುಟ್ಟಿಗೆ ಬಫರ್ ಅಂತಾರೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 1024 ಸ್ಯಾಂಪಲ್ಲಿನ ಬುಟ್ಟಿ ತುಂಬಲು 21 ಮಿಲಿಸೆಕೆಂಡ್ ಬೇಕು. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಏಳು ಮೀಟರ್ ದೂರ ಹೋಗಿರುತ್ತದೆ. ಹೋಗೋಕೊಂದು ಬುಟ್ಟಿ, ಬರೋಕೊಂದು ಬುಟ್ಟಿ ಅಂದ್ರೆ ನಿಮ್ಮ ಸ್ವಂತ ದನಿ ಹದಿನಾಲ್ಕು ಮೀಟರ್ ಆಚೆಯಿಂದ ಕೇಳಿಸಿದ ಹಾಗೆ. ಹಾಡೋಕೆ ಆಗಲ್ಲ, ತೊದಲು ಬರುತ್ತೆ. ಬುಟ್ಟಿ ಸಣ್ಣದು ಮಾಡಿದ್ರೆ ಹಳೇ ಲ್ಯಾಪ್‌ಟಾಪು ಏದುಸಿರು ಬಿಟ್ಟು ಚಟಪಟ ಸದ್ದು ಮಾಡುತ್ತೆ. ಇದಕ್ಕೆ ಮದ್ದು? ಇಂಟರ್‌ಫೇಸ್‌ನಲ್ಲಿ 'ಡೈರೆಕ್ಟ್ ಮಾನಿಟರ್' ಅಂತ ಒಂದು ಸ್ವಿಚ್ ಇರುತ್ತೆ. ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸೋದರ ಜೊತೆಗೆ ಅಲ್ಲಿಂದಲೇ ಸೀದಾ ಹೆಡ್‌ಫೋನಿಗೂ ಕೊಡುತ್ತೆ. ದೂರ ಹೋಗಿ ಬಂದದ್ದನ್ನು ಕೇಳಬೇಡ, ಹತ್ತಿರದ್ದನ್ನೇ ಕೇಳು. ಸ್ನೈಡರ್ ಮಾಡಿದ ಉಪಾಯದ ತಮ್ಮನೇ ಇದು. ಇಂಟರ್‌ಫೇಸ್ ಕೊಳ್ಳುವಾಗ ಮೊದಲು ಈ ಸ್ವಿಚ್ ಇದೆಯಾ ನೋಡಿ. ತೂತುಗಳ ಲೆಕ್ಕ ಆಮೇಲೆ.

ಆ ಆಕ್ಟೋಪಸ್ ಆದ ಮೇಲೂ ಹತ್ತಿಪ್ಪತ್ತು ವರ್ಷ ಮಲ್ಟಿಟ್ರ್ಯಾಕ್ ಅನ್ನೋದು ದುಡ್ಡಿದ್ದವರ ಸ್ವತ್ತೇ. 1967ರ ಬೀಟಲ್ಸ್ ಆಲ್ಬಂ 'ಸಾರ್ಜೆಂಟ್ ಪೆಪ್ಪರ್ಸ್' ಕೂಡ ಆಗಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ನಾಲ್ಕೂ ತುಂಬಿದ ಮೇಲೆ ಇನ್ನೊಂದು ಯಂತ್ರಕ್ಕೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಸಿನಿಮಾ ಹಾಡು ರೆಕಾರ್ಡಿಂಗ್ ಅಂದ್ರೆ ಮದ್ರಾಸ್ ರೈಲು ಹತ್ತೋದು ಅಂತಲೇ ಅರ್ಥ ಇತ್ತು. ಬೆಂಗಳೂರಲ್ಲೇ ಆಗಬೇಕು ಅಂತ ಶಂಕರ್‌ನಾಗ್, ಅನಂತನಾಗ್ ಸಹೋದರರು ಸಂಕೇತ್ ಸ್ಟುಡಿಯೋ ಕಟ್ಟಿದ್ದು ಅದಕ್ಕೇ. ಅದೇ ಒಂದು ಸಂಚಿಕೆಯ ಕಥೆ, ಇವತ್ತು ಬೇಡ.

ಮನೆಯ ಬಾಗಿಲು ನಿಜವಾಗಿ ತೆಗೆದಿದ್ದು 1979ರಲ್ಲಿ. ಜಪಾನಿನ ಟೀಯಾಕ್ ಕಂಪನಿಯ ಟಾಸ್ಕಾಮ್ ಬ್ರ್ಯಾಂಡಿನ ಪೋರ್ಟಾಸ್ಟುಡಿಯೋ 144. ನಿಮ್ಮ ಮನೆಯ ಅಟ್ಟದ ಮೇಲೆ ಭಾವಗೀತೆ ಕ್ಯಾಸೆಟ್ ಇದ್ರೆ ತೆಗೆದು ನೋಡಿ. ಎ ಸೈಡು, ಬಿ ಸೈಡು. ಒಂದೊಂದು ಸೈಡಿಗೆ ಎಡ-ಬಲ ಅಂತ ಎರಡು ಗೆರೆ. ಒಟ್ಟು ನಾಲ್ಕು. ಟಾಸ್ಕಾಮ್‌ನವರು ಕ್ಯಾಸೆಟ್ ತಿರುಗಿಸೋದನ್ನೇ ಬಿಟ್ಟು, ನಾಲ್ಕೂ ಗೆರೆಯನ್ನು ಒಂದೇ ದಿಕ್ಕಿನಲ್ಲಿ ಬಳಸಿದರು. ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸಿದರು, ಸದ್ದು ಚೆನ್ನಾಗಿರಲಿ ಅಂತ. ಪಕ್ಕದಲ್ಲೇ ಒಂದು ಪುಟ್ಟ ಮಿಕ್ಸರ್. ಅಂಗಡಿಯಲ್ಲಿ ಸಿಗೋ ಮಾಮೂಲಿ ಕ್ಯಾಸೆಟ್ಟು ಸಾಕು.

1982ರ ಜನವರಿ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆಗಲೇ ದೊಡ್ಡ ಸ್ಟಾರ್. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನಲ್ಲಿ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಈ 144 ಯಂತ್ರ ಇಟ್ಟುಕೊಂಡು ಹೊಸ ಹಾಡುಗಳನ್ನು ಹಿಡಿದಿಟ್ಟ. ಬ್ಯಾಂಡಿಗೆ ಕಲಿಸೋಕೆ ಒಂದು ಮಾದರಿ ಇರಲಿ ಅನ್ನೋ ಉದ್ದೇಶ ಅಷ್ಟೇ. ಮೈಕ್ ಎಷ್ಟು ಗೊತ್ತಾ? ಎರಡು. ಶ್ಯೂರ್ ಎಸ್‌ಎಂ57. ಹಾಡು ಮತ್ತು ಗಿಟಾರ್ ಒಟ್ಟಿಗೆ ಹಿಡಿದು, ಉಳಿದ ಟ್ರ್ಯಾಕುಗಳಲ್ಲಿ ಇನ್ನೊಂದು ಗಿಟಾರೋ, ಟ್ಯಾಂಬರೀನೋ, ಇನ್ನೊಂದು ದನಿಯೋ ಸೇರಿಸಿದ. ಆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ತಿರುಗಾಡಿದ. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಬ್ಯಾಂಡ್ ಸಮೇತ ಅವೇ ಹಾಡುಗಳನ್ನು ಮಾಡಿ ನೋಡಿದರೆ, ಕ್ಯಾಸೆಟ್ಟಿನಲ್ಲಿದ್ದ ಜೀವ ಬರಲಿಲ್ಲ. ಕೊನೆಗೆ ಕ್ಯಾಸೆಟ್ಟಿನಲ್ಲಿದ್ದದ್ದನ್ನೇ 'ನೆಬ್ರಾಸ್ಕಾ' ಅಂತ ಆಲ್ಬಂ ಮಾಡಿದರು.

ಈ ಕಥೆ ಓದಿದಾಗ ನನಗೆ ನನ್ನ 46,000 ರೂಪಾಯಿ ನೆನಪಾಯ್ತು. ನಾಲ್ಕು ಟ್ರ್ಯಾಕು, ಎರಡು ಮೈಕು, ಒಬ್ಬ ಮನುಷ್ಯ. ಟ್ರ್ಯಾಕು ಬೇರೆ, ಇನ್‌ಪುಟ್ ಬೇರೆ. ಟ್ರ್ಯಾಕು ಅಂದ್ರೆ ಕೊನೆಗೆ ಎಷ್ಟು ಪದರ ಇರುತ್ತೆ ಅನ್ನೋದು. ಇನ್‌ಪುಟ್ ಅಂದ್ರೆ *ಒಂದೇ ಹೊತ್ತಿಗೆ* ಎಷ್ಟು ಸದ್ದನ್ನು ಬೇರೆ ಬೇರೆ ಹಿಡಿಯಬೇಕು ಅನ್ನೋದು. ಲೆಸ್ ಪಾಲ್‌ಗೆ ಎಂಟು ಪದರಕ್ಕೆ ಬೇಕಿದ್ದದ್ದು ಒಂದೇ ಇನ್‌ಪುಟ್ಟು. ನನಗೆ ಬೇಕಿದ್ದದ್ದು ಎರಡು. ಒಂದು ದೊಡ್ಡಪ್ಪನ ಬಾಯಿಗೆ, ಒಂದು ಪೆಟ್ಟಿಗೆಗೆ. ಎರಡು ಇನ್‌ಪುಟ್ಟಿನ ಪುಟ್ಟ ಡಬ್ಬ ಯುಎಸ್‌ಬಿ ವೈರಿನ ಕರೆಂಟಲ್ಲೇ ಓಡುತ್ತಿತ್ತು. ಅವತ್ತು ರಾತ್ರಿ ಲಾಟೀನು ಬೆಳಕಲ್ಲಿ ಮೂರು ಗಂಟೆ ರೆಕಾರ್ಡ್ ಮಾಡಬಹುದಿತ್ತು. ಒಂದೊಂದು ಮಟ್ಟಿಗೆ ಐದು ನಿಮಿಷ ಅಂದ್ರೂ ಮೂವತ್ತಾರು.

ಈ ಲೆಕ್ಕ ನಾನು ಬೇಡ ಅಂದ್ರೂ ಮತ್ತೆ ಮತ್ತೆ ಹಾಕ್ತೀನಿ.

ಮುಂದಿನ ಇತಿಹಾಸ ಬೇಗ ಹೇಳ್ತೀನಿ, ಅದು ಅಗ್ಗವಾಗುತ್ತಾ ಬಂದ ಕಥೆ. 1991ರಲ್ಲಿ ಪ್ರೋ ಟೂಲ್ಸ್ ಬಂತು, ಕಂಪ್ಯೂಟರಿನಲ್ಲಿ ನಾಲ್ಕು ಟ್ರ್ಯಾಕ್, ಬೆಲೆ ಸುಮಾರು 6,000 ಡಾಲರ್. 1992ರಲ್ಲಿ ಅಲೆಸಿಸ್ ಕಂಪನಿಯ ಎಡಾಟ್ ಅಂಗಡಿಗೆ ಬಂತು, ಎಸ್-ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಡಿಜಿಟಲ್ ಟ್ರ್ಯಾಕ್, 3,995 ಡಾಲರ್. 1996ರಲ್ಲಿ ಕ್ಯೂಬೇಸ್ ವಿಎಸ್‌ಟಿ, ಎಫೆಕ್ಟುಗಳೆಲ್ಲ ಕಂಪ್ಯೂಟರಿನೊಳಗೇ. 2000ದಲ್ಲಿ ಆಡಾಸಿಟಿ, ಪುಕ್ಕಟೆ. 2002ರಲ್ಲಿ ಎಂ-ಬಾಕ್ಸ್, ಎರಡು ಇನ್‌ಪುಟ್, ಯುಎಸ್‌ಬಿಯಿಂದಲೇ ಕರೆಂಟ್. 2004ರಲ್ಲಿ ಆಪಲ್‌ನ ಗ್ಯಾರೇಜ್‌ಬ್ಯಾಂಡ್. ಅಲ್ಲಿಂದ ಹದಿನಾರು ವರ್ಷಕ್ಕೆ, ಅಣ್ಣನ ಮಲಗುವ ಕೋಣೆಯಲ್ಲಿ ಆಲ್ಬಂ ಮಾಡಿದ ಬಿಲ್ಲಿ ಐಲಿಷ್ ಗ್ರ್ಯಾಮಿಯ ನಾಲ್ಕೂ ಮುಖ್ಯ ಪ್ರಶಸ್ತಿ ಒಂದೇ ರಾತ್ರಿ ಎತ್ತಿಕೊಂಡು ಹೋದಳು.

ಲ್ಯಾಪ್‌ಟಾಪ್ ಎಂಥದ್ದಿರಬೇಕು ಅಂತ ಬಹಳ ಜನ ಕೇಳ್ತಾರೆ. ಲೆಕ್ಕ ಹಾಕೋಣ. 24 ಬಿಟ್, 48,000 ಸ್ಯಾಂಪಲ್. ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಎಂಟೂವರೆ ಎಂಬಿ ಚಿಲ್ಲರೆ. ಐದು ನಿಮಿಷದ ಹಾಡು, ಎಂಟು ಟ್ರ್ಯಾಕ್ ಅಂದ್ರೆ ಸುಮಾರು 350 ಎಂಬಿ. ನಿಮ್ಮ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳು ಇದಕ್ಕಿಂತ ಜಾಗ ತಿಂದಿರ್ತವೆ. ಎಸ್‌ಎಸ್‌ಡಿ ಇರೋ, 8 ಜಿಬಿ ರ‍್ಯಾಮ್ ಇರೋ ಐದಾರು ವರ್ಷದ ಹಳೇ ಲ್ಯಾಪ್‌ಟಾಪು ಇಂಥ ಕೆಲಸಕ್ಕೆ ಧಾರಾಳವಾಗಿ ಸಾಕು. ಅದರ ಫ್ಯಾನ್ ಸದ್ದು ಮೈಕಿಗೆ ಬೀಳದ ಹಾಗೆ ದೂರ ಇಡಿ. ದುಡ್ಡು ಇಲ್ಲಿ ಸುರಿಯಬೇಡಿ.

ಮೈಕಿನ ವಿಷಯಕ್ಕೆ ಬಂದ್ರೆ ನಾನು ಮಾಡಿದ ಇನ್ನೊಂದು ಎಡವಟ್ಟು ಹೇಳಲೇಬೇಕು. ಇಂಟರ್‌ಫೇಸೇ ಬೇಡ, ಸೀದಾ ಯುಎಸ್‌ಬಿ ಮೈಕ್ ಎರಡು ತಗೊಂಡ್ರೆ ಆಯ್ತು ಅಂತ ಮಧ್ಯೆ ಒಂದು ತಿಂಗಳು ಪ್ರಯತ್ನಿಸಿದ್ದೆ. ಒಂದೊಂದು ಯುಎಸ್‌ಬಿ ಮೈಕಿನೊಳಗೂ ಅದರದ್ದೇ ಗಡಿಯಾರ ಇರುತ್ತೆ. ಎರಡು ಗಡಿಯಾರ ಎಂದೂ ಒಂದೇ ಹೆಜ್ಜೆ ಹಾಕಲ್ಲ. ಲಕ್ಷಕ್ಕೆ ಐದರಷ್ಟು ವ್ಯತ್ಯಾಸ ಇದ್ದರೂ ಹತ್ತು ನಿಮಿಷಕ್ಕೆ 30 ಮಿಲಿಸೆಕೆಂಡ್ ಜಾರುತ್ತದೆ. ಹಾಡು ಒಂದು ಕಡೆ, ತಾಳ ಒಂದು ಕಡೆ. ಒಂದೇ ಡಬ್ಬಕ್ಕೆ ಎರಡು ಮೈಕ್ ಚುಚ್ಚಿದರೆ ಎರಡಕ್ಕೂ ಒಂದೇ ಗಡಿಯಾರ. ಇಂಟರ್‌ಫೇಸಿಗೆ ದುಡ್ಡು ಕೊಡೋದು ಇದಕ್ಕೂ ಸೇರಿ.

ಕಂಡೆನ್ಸರ್ ಮೈಕೋ, ಡೈನಾಮಿಕ್ ಮೈಕೋ? ಕಂಡೆನ್ಸರ್‌ಗೆ 48 ವೋಲ್ಟ್ ಕೊಡಬೇಕು. ಆ 48 ಎಲ್ಲಿಂದ ಬಂತು ಅನ್ನೋದೇ ಚೆಂದದ ಕಥೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿಗೆ ಹೊಸ ಮೈಕುಗಳನ್ನು ಮಾಡಿಕೊಡಬೇಕಿತ್ತು. ಚಳಿಗಾಲದಲ್ಲಿ ಹಗಲೇ ಕಾಣದ ದೇಶ. ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆ ಅಂತ 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿಕೊಂಡರು. ಆ ದೀಪದ ವೋಲ್ಟೇಜು ಇವತ್ತು ನಿಮ್ಮ ಮೇಜಿನ ಮೇಲಿನ ಡಬ್ಬದಲ್ಲೂ ಕೆಂಪು ಬಟನ್ ಆಗಿ ಕೂತಿದೆ.

ಕಂಡೆನ್ಸರ್ ಸೂಕ್ಷ್ಮ. ಸ್ಟುಡಿಯೋದಲ್ಲಿ ಅದು ವರ. ನಮ್ಮ ಮನೆಗಳಲ್ಲಿ? ಫ್ಯಾನು, ಬೀದಿಯಲ್ಲಿ ಸೊಪ್ಪಿನವರು, ಮೇಲಿನ ಮನೆಯವರು ಕುರ್ಚಿ ಎಳೆಯೋದು, ಎಲ್ಲವೂ ಅಚ್ಚುಕಟ್ಟಾಗಿ ರೆಕಾರ್ಡ್ ಆಗುತ್ತೆ. ಡೈನಾಮಿಕ್ ಮೈಕು ಸ್ವಲ್ಪ ಮೊಂಡು. ಅಂಗೈ ಅಗಲದಷ್ಟು ಹತ್ತಿರ ಬಂದು ಹಾಡಿದರೆ ಹಾಡು ಮಾತ್ರ ಹಿಡಿಯುತ್ತೆ, ದೂರದ್ದನ್ನು ಅಷ್ಟಾಗಿ ಲೆಕ್ಕಕ್ಕಿಡಲ್ಲ. ಸ್ಪ್ರಿಂಗ್‌ಸ್ಟೀನ್ ಬಳಸಿದ ಎಸ್‌ಎಂ57 ಡೈನಾಮಿಕ್ಕೇ, 1965ರಿಂದ ಇವತ್ತಿನವರೆಗೂ ಸಿಗುತ್ತಿದೆ. ಜಾಸ್ತಿ ಸೂಕ್ಷ್ಮವಾದದ್ದೇ ಒಳ್ಳೇದು ಅನ್ನೋ ಭ್ರಮೆ ನನಗೂ ಇತ್ತು. ಕುಕ್ಕರ್ ಅದನ್ನು ಬಿಡಿಸಿತು. ಹೆಡ್‌ಫೋನ್ ಮಾತ್ರ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದೇ ಇರಲಿ. ಇಲ್ಲದಿದ್ರೆ ಮೊದಲ ಟ್ರ್ಯಾಕಿನ ಸದ್ದು ಸೋರಿ ಎರಡನೇ ಟ್ರ್ಯಾಕಿನ ಮೈಕಿಗೆ ಬೀಳುತ್ತೆ.

ಹಾಗಾದ್ರೆ ಎಂಟು ಇನ್‌ಪುಟ್ ಯಾರಿಗೂ ಬೇಡ್ವಾ? ಬೇಕು. ಡ್ರಮ್ ಸೆಟ್ ಹಿಡಿಯೋರಿಗೆ ಬೇಕು. ಒಬ್ಬರನ್ನೊಬ್ಬರು ನೋಡುತ್ತಾ ಒಟ್ಟಿಗೇ ನುಡಿಸಿದರೆ ಮಾತ್ರ ಜೀವ ಬರುವ ತಂಡಗಳಿಗೆ ಬೇಕು. ನನ್ನ ಡಬ್ಬವನ್ನು ಡೊಳ್ಳು ತಂಡಗಳನ್ನು ರೆಕಾರ್ಡ್ ಮಾಡುವ ಗೆಳೆಯನೊಬ್ಬ 31,000ಕ್ಕೆ ತಗೊಂಡ. ಅವನ ಕೈಲಿ ಅದು ಚೆನ್ನಾಗಿ ದುಡೀತಾ ಇದೆ. ನಾನು ಎರಡು ಇನ್‌ಪುಟ್ಟಿನ ಸಣ್ಣ ಡಬ್ಬ, ಒಂದು ಡೈನಾಮಿಕ್ ಮೈಕ್, ಒಂದು ಸ್ಟ್ಯಾಂಡ್, ಒಂದು ಹೆಡ್‌ಫೋನ್ ತಗೊಂಡೆ. ಎಲ್ಲ ಸೇರಿ ಆ ಮೂವತ್ತೊಂದರೊಳಗೇ ಮುಗೀತು.

ಇಷ್ಟು ಹೊತ್ತಿಗೆ ದೊಡ್ಡಪ್ಪನಿಗೆ ಮಾತು ಬಹುಪಾಲು ವಾಪಸ್ ಬಂದಿತ್ತು. ದನಿ ಮೊದಲಿನಷ್ಟು ಮೇಲಕ್ಕೆ ಹೋಗಲ್ಲ, ಕಪ್ಪು ಒಂದರ ಶ್ರುತಿಯಿಂದ ಕೆಳಗಿಳಿಸಿಕೊಂಡಿದ್ದರು. ಬಲಗೈ ಬರಲಿಲ್ಲ. ಪೆಟ್ಟಿಗೆ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹಾಕಿತ್ತು ಅಂತ ಅವರು ಯಾವಾಗಲೂ ಸಿಟ್ಟಲ್ಲಿ ಹೇಳೋರು. ಈ ಸಲ ನಗ್ತಾ, "ಈಗ ದೇವ್ರೂ ಹಾಕವ್ನೆ" ಅಂದ್ರು.

ನಾನು ಕೆಲಸವನ್ನು ಬಿಡಿಸಿ ಹೇಳಿದೆ. ಮೊದಲ ದಿನ ಬರೀ ಹಾಡು. ಹೆಡ್‌ಫೋನಿನಲ್ಲಿ ತಂಬೂರಿ ಆ್ಯಪಿನ ಶ್ರುತಿ, ಎಡಗೈಯಲ್ಲಿ ತೊಡೆ ಮೇಲೆ ತಾಳ. ಅದು ಒಂದನೇ ಟ್ರ್ಯಾಕು. ತಬಲಾದವರು ಬಿಡುವಾದಾಗ ಬಂದು ಅದನ್ನು ಕೇಳುತ್ತಾ ನುಡಿಸಲಿ, ಎರಡನೇ ಟ್ರ್ಯಾಕು. ಪೆಟ್ಟಿಗೆ ಕೊನೆಗೆ. ಅಕ್ಕ ತಿದಿ ಒತ್ತಲಿ, ನೀವು ಎಡಗೈಯಲ್ಲಿ ಮನೆ ಹಿಡೀರಿ. ಒಂದೊಂದೇ ಸಾಲು. ತಪ್ಪಿದ್ರೆ ಆ ಸಾಲು ಮಾತ್ರ ಮತ್ತೆ. ನಾಲ್ಕು ದಿನ ಬಿಟ್ಟು ಮುಂದಿನ ಸಾಲು ನುಡಿಸಿದ್ರೂ ಕೇಳೋರಿಗೆ ಗೊತ್ತಾಗಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಮೋಸ ಅಲ್ವೇನ್ಲಾ? ರಂಗದ ಮೇಲೆ ಹಿಂಗೆಲ್ಲ ನಿಲ್ಸಿ ನಿಲ್ಸಿ ಬಾರ್ಸಕ್ಕಾಯ್ತದಾ?"

ಆಗ ಲೆಸ್ ಪಾಲ್‌ನ ಕೈ ಕಥೆ ಹೇಳಿದೆ. "ಆವಯ್ಯಂದು ಒಂದು ಹಾಕು" ಅಂದ್ರು. 'ಹೌ ಹೈ ದ ಮೂನ್' ಹಾಕಿದೆ. ಹೆಡ್‌ಫೋನ್ ಹಾಕ್ಕೊಂಡು ಕಣ್ಮುಚ್ಚಿ ಪೂರ್ತಿ ಕೇಳಿದರು. ತೆಗೆದು, "ಎಷ್ಟ್ ಜನ ಇದು?" ಅಂದ್ರು. ಇಬ್ಬರೇ ಅಂದೆ. "ಸುಳ್ಳು" ಅಂತ ಮತ್ತೆ ಹಾಕಿಸಿಕೊಂಡು ಕೇಳಿದರು. ಮೂರನೇ ಸಲ ಕೇಳಿ ಅಕ್ಕನ ಕಡೆ ತಿರುಗಿ, "ಪೆಟ್ಟಿಗೆ ಮ್ಯಾಲಿನ ಬಟ್ಟೆ ತೆಗಿ" ಅಂದ್ರು.

ಮೊದಲ ಮಟ್ಟಿಗೆ ಐದು ಗಂಟೆ ಹಿಡೀತು. ಫೋನಿನಲ್ಲಿದ್ದ ಆ 4 ನಿಮಿಷದ್ದೇ ಮಟ್ಟು. ತಮ್ಮ ಬಲಗೈ ನುಡಿಸಿದ್ದನ್ನು ಕೇಳಿಸಿಕೊಂಡು ಎಡಗೈಗೆ ಕಲಿಸುತ್ತಿದ್ದರು, ಊರಿನ ಹುಡುಗರಿಗೆ ಕಲಿಸಿದ ಹಾಗೇ, ಬೈದುಕೊಂಡು. ಕುಕ್ಕರ್ ಕೆಳಗೆ ಹೋದ ಆ ಓಟ ಎಡಗೈಗೆ ಬರಲಿಲ್ಲ. ಕೊನೆಗೆ ಅಲ್ಲಿ ಎರಡೇ ಸ್ವರ ಇಟ್ಟು, ಉಳಿದದ್ದನ್ನು ಬಾಯಲ್ಲಿ ಹಾಡಿಬಿಟ್ಟರು. ಅದು ನಾಲ್ಕನೇ ಟ್ರ್ಯಾಕು.

ಇವತ್ತಿಗೆ ಹನ್ನೊಂದು ಮಟ್ಟು ಆಗಿವೆ. ಮುಂದಿನ ಶನಿವಾರ ಹನ್ನೆರಡನೆಯದು, ಕರ್ಣಂದು. ಈಗ ಕೇಳಿಸ್ತಿರೋದು ಆ ಮೊದಲನೆಯದು. ನಡುವೆ ಒಂದು ಕೆಮ್ಮು ಬರುತ್ತೆ, ತಿದಿ ಕಿರ್ ಅನ್ನುತ್ತೆ. ನಾಲ್ಕೂ ಟ್ರ್ಯಾಕ್ ಬೇರೆ ಬೇರೆ ಇರೋದ್ರಿಂದ ಎರಡನ್ನೂ ತೆಗೀಬಹುದಿತ್ತು. ತೆಗೆದಿಲ್ಲ.

[ಆಡಿಯೋ: ಹಾಡು, ತಬಲಾ, ಹಾರ್ಮೋನಿಯಂ. 52 ಸೆಕೆಂಡ್.]